ತುಂಬಿದ ಕೊಡಗಳ ಓಣಿ

ಸಿರಾ ಪುರಸಭೆಯಲ್ಲಿ ನನಗೆ ಸಿಕ್ಕ ಮೊದಲ ಕೆಲಸ ಜನರ ಸುಖ ಅಳೆಯುವುದು. ನಗಬೇಡಿ, ನಿಜ. ಅರವತ್ತರ ದಶಕದ ಆರಂಭದ ಮಾತು. ಯಾವ ಬೀದಿಯವರು ಹೇಗೆ ಬದುಕುತ್ತಿದ್ದಾರೆಂದು ಮನೆಮನೆಗೆ ಹೋಗಿ ನೋಡಿ ಫಾರಂ ತುಂಬಬೇಕಿತ್ತು. ಗಾಳಿ ಬೆಳಕಿಗೆ ಇಷ್ಟು ಅಂಕ, ಚರಂಡಿಗೆ ಇಷ್ಟು, ಮನೆಯಲ್ಲಿರುವ ನೀರಿಗೆ ಇಷ್ಟು. ಎಲ್ಲಕ್ಕಿಂತ ಕಡಿಮೆ ಅಂಕ ಬಂದ ಬೀದಿಗೆ ಮೊದಲ ಕೊಳಾಯಿ. ತೋವಿನಕೆರೆಯಿಂದ ಬಂದಿದ್ದ ನನಗೆ ಹಂಗಾಮಿ ನೌಕರಿಯಾದರೂ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ಹೊರಡುವ ಮುಂಚೆ ಮೇಲಧಿಕಾರಿ ಕರೆದು ಪಾಠ ಹೇಳಿದರು. "ಬಾಯಿ ಹೇಳಿದ್ದನ್ನ ನಂಬಬೇಡ ಕಣಯ್ಯ. ಕೊಳಾಯಿ ಬರ್ತದೆ ಅಂದ್ರೆ ಕೆರೆ ಏರಿ ಮೇಲಿರೋನೂ ನೀರಿಲ್ಲ ಅಂತಾನೆ. ಕಣ್ಣಾರೆ ಕಂಡಿದ್ದು ಮಾತ್ರ ಬರಿ." ಎಂಥ ಬುದ್ಧಿವಂತರು ಅಂದುಕೊಂಡೆ. ನನ್ನ ಮೂರ್ಖತನಕ್ಕೆ ಏನು ಹೇಳಲಿ!

ಊರಂಚಿನ ಓಣಿಯೊಂದರಲ್ಲಿ ಹತ್ತಿ ಹಿಂಜುವವರೂ ಕಂಬಳಿ ನೇಯುವವರೂ ಇದ್ದರು. ಅವರ ನೀರೆಲ್ಲ ಅರ್ಧ ಮೈಲಿ ಆಚೆಯ ಮೆಟ್ಟಿಲಬಾವಿಯಿಂದ ಬರಬೇಕು. ಮೊದಲ ಮನೆ ಹತ್ತಿ ಹಿಂಜುವವರದು. ಬಾಗಿಲಲ್ಲಿ ನಿಂತಿದ್ದ ಮುದುಕಿಯನ್ನು ಓಣಿಯವರೆಲ್ಲ ಕರೆಯುವಂತೆ ನಾನೂ ಬೂಬಮ್ಮ ಅಂದೆ. ಗೋಡೆಗೊರಗಿ ಸೊಸೆ ನಿಂತಿದ್ದಳು, ತುಂಬು ಬಸುರಿ.

"ಕೊಳಾಯಿ ಬರ್ತದಾ ಸಾಹೇಬ್ರೇ? ಇವಳಿಗೆ ಏಳು ತಿಂಗ್ಳು. ಬಾವಿ ಮೆಟ್ಲು ಇಳಿದು ಹತ್ತೋದು ನೋಡಿದ್ರೆ ನನ್ನ ಜೀವ ಬಾಯಿಗೆ ಬರ್ತದೆ," ಅಂದಳು ಬೂಬಮ್ಮ.

ಒಳಗೆ ನೋಡಿದೆ. ಹುಣಿಸೆಹಣ್ಣು ಹಾಕಿ ತಿಕ್ಕಿದ ಐದು ಹಿತ್ತಾಳೆ ಕೊಡಗಳು, ಕಂಠದವರೆಗೆ ನೀರು. ಅದನ್ನೇ ಬರೆದುಕೊಂಡೆ. ಎರಡನೆಯ ಮನೆಯಲ್ಲೂ ಐದು ಕೊಡ, ಮೂರನೆಯದರಲ್ಲೂ ಐದು. ನಾಲ್ಕನೆಯ ಮನೆ ಕಂಬಳಿ ನೇಯುವವರದು. ಅಲ್ಲಿ ಒಂದು ಕೊಡದ ಹೊಟ್ಟೆ ನೆಗ್ಗಿತ್ತು. ಆ ನೆಗ್ಗನ್ನು ನಾನು ಬೂಬಮ್ಮನ ಮನೆಯಲ್ಲೇ ನೋಡಿದ್ದೆ. ಹಿತ್ತಲಿಗೆ ಕಣ್ಣು ಹಾಯಿಸಿದರೆ ಇಬ್ಬರು ಹೆಂಗಸರು ಮೋಟುಗೋಡೆಯ ಮೇಲಿಂದ ಕೊಡ ದಾಟಿಸುತ್ತಿದ್ದಾರೆ, ನನಗಿಂತ ಮುಂಚೆ ಮುಂದಿನ ಮನೆ ಮುಟ್ಟಲೆಂದು.

ನನಗೆ ತಿಳಿಯದ ವಿಷಯವೇನಲ್ಲ. ಮನೆಗೆ ಬಂದವರ ಕಣ್ಣಿಗೆ ಬರಿಗೊಡ ಬೀಳಬಾರದು. ನೆಂಟರು ಬರುತ್ತಾರೆಂದರೆ ನಮ್ಮಮ್ಮನೂ ಪಕ್ಕದ ಮನೆಯಿಂದ ತುಂಬಿದ ಬಿಂದಿಗೆ ತಂದಿಡುತ್ತಿದ್ದಳು. ಈ ಓಣಿಯವರು ನನ್ನನ್ನೂ ನೆಂಟನೆಂದೇ ತಿಳಿದಿದ್ದರು. ಬಾಯಲ್ಲಿ ನೀರಿಲ್ಲ ಅನ್ನುತ್ತಲೇ ಮಾನಕ್ಕಾಗಿ ಕೊಡ ತುಂಬಿಸಿಟ್ಟಿದ್ದರು.

ಸಂಜೆ ಮೇಲಧಿಕಾರಿಗೆ ಎಲ್ಲ ಹೇಳಿದೆ. ಅವರು ತಲೆಯೆತ್ತಲಿಲ್ಲ.

"ಕೊಡ ಕಂಡ್ಯೋ ಇಲ್ವೋ?"

"ಕಂಡೆ ಸಾರ್. ಆದ್ರೆ..."

"ಆದ್ರೆ ಗೀದ್ರೆ ಬರಿಯಕ್ಕೆ ಫಾರಮ್ಮಲ್ಲಿ ಜಾಗ ಇಲ್ಲ. ಕಂಡಿದ್ದು ಬರಿ."

ಬರೆದೆ. 'ನೀರು: ಸಾಕಷ್ಟಿದೆ.' ಕೆಲಸ ಹೋದೀತೆಂಬ ಹೆದರಿಕೆ. ಬೇರೆ ನೆಪ ಹೇಳಲಾರೆ. ಆ ಕೈಗೆ ಬೆಂಕಿ ಬೀಳಬೇಕಿತ್ತು.

ಕೊಳಾಯಿ ಪೇಟೆ ಬೀದಿಗೆ ಹೋಯಿತು. ಅಲ್ಲಿಯವರು ಹುಷಾರು. ಹಂಡೆಗಳನ್ನೆಲ್ಲ ಅಟ್ಟದ ಮೇಲೆ ಸಾಗಹಾಕಿ, ಒಣಗಿದ ಒಂದು ಮಡಕೆ ಮುಂದಿಟ್ಟುಕೊಂಡು ಮುಖ ಸಪ್ಪಗೆ ಮಾಡಿ ಕೂತಿದ್ದರು. ಆ ಒಣ ಮಡಕೆಯನ್ನೂ ನಾನೇ ಕಣ್ಣಾರೆ ಕಂಡು ಬರೆದಿದ್ದೆ.

ಎರಡು ತಿಂಗಳ ಮೇಲೆ ಮನಸ್ಸು ತಡೆಯದೆ ಓಣಿಗೆ ಹೋದೆ. ಬೂಬಮ್ಮ ಹೊಸ್ತಿಲಲ್ಲಿ ಕೂತಿದ್ದಳು. ಸೊಸೆ ಒಳಗೆ ಚಾಪೆಯ ಮೇಲಿದ್ದಳು. ತೊಟ್ಟಿಲು ಕಾಣಲಿಲ್ಲ.

"ಬಾವಿ ಮೆಟ್ಲಲ್ಲಿ ಜಾರ್ಬುಟ್ಲು. ಗಂಡು ಮಗು. ಉಳೀಲಿಲ್ಲ," ಅಂದಳು ಬೂಬಮ್ಮ.

"ನೀರು ಸಾಕಷ್ಟಿದೆ ಅಂತ ಬರ್ದೋನು ನಾನೇ ಬೂಬಮ್ಮ. ಕೊಡ ಎರವಿನವು ಅಂತ ಗೊತ್ತಿದ್ದೂ ಬರ್ದೆ."

ಅವಳು ಹೊಸ್ತಿಲ ಧೂಳನ್ನು ಸೆರಗಿನಿಂದ ಕೊಡವಿ ನನಗೆ ಜಾಗ ಮಾಡಿದಳು. ಬೈದಿದ್ದರೆ ಚೆನ್ನಾಗಿತ್ತು, ಉಗಿದಿದ್ದರೂ ಒರೆಸಿಕೊಳ್ಳುತ್ತಿದ್ದೆ.

"ಆವತ್ತು ನೀನು ಬರ್ತೀಯ ಅಂತ ಅವಳೇ ಹೊತ್ತು ಮೂಡೋಕೆ ಮುಂಚೆ ನಾಕು ಸಲ ಬಾವಿಗೆ ಹೋಗಿದ್ಲು," ಅಂದಳು. "ಮನೆಗೆ ಬಂದೋರಿಗೆ ಬರಿಗೊಡ ತೋರ್ಸೋಕಾಗ್ತದಾ?"

ಆಮೇಲೆ ಎದ್ದು ಹೋಗಿ, ಮಡಕೆ ಬಗ್ಗಿಸಿ, ತಳದ ನೀರನ್ನು ಲೋಟಕ್ಕೆ ಬಸಿದು ತಂದು ನನ್ನ ಕೈಗಿಟ್ಟಳು. ಅರ್ಧ ಕುಡಿದೆ. ಲೋಟ ಕೆಳಗಿಡಲು ಹೋದೆ.

"ಪೂರಾ ಕುಡಿ ಬೇಟಾ," ಅಂದಳು. "ಚೆಲ್ಲೋಕೆ ನಮ್ಮನೇಲಿ ನೀರೆಲ್ಲೈತೆ?"