ಶಂಕರಮ್ಮನ ನವಿಲುಬಣ್ಣ

ಗದ್ವಾಲಿನ ನಮ್ಮ ಓಣಿಯಲ್ಲಿ ಯಾರ ಮನೆಗೆ ಬಣ್ಣ ಹಚ್ಚುವ ಮಾತೆದ್ದರೂ ಸಾಕು, ನೇಕಾರರ ಶಂಕರಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹಾಜರಾಗುತ್ತಾಳೆ. ಅವಳ ಪಾಲಿಗೆ ಲೋಕದಲ್ಲಿರುವುದು ಒಂದೇ ಬಣ್ಣ: ನೀಲಿಯೊಳಗೆ ಹಸಿರು ಇಳಿದ ನವಿಲಿನ ಕತ್ತಿನ ಬಣ್ಣ! "ಬಿಸ್ಕೀಟ್ ಬಣ್ಣ ಹಚ್ಚಾಕ ಇದೇನ್ ದವಾಖಾನಿ ಏನಪಾ?" ಎಂದು ಪೇಂಟರನನ್ನು ಗದರುತ್ತಾಳೆ. ಡಬ್ಬಿಯೊಳಗೆ ಇಣುಕಿ, "ಇನ್ನೊಂಚೂರು ಹಸಿರು ಬಿಡು, ನವಿಲು ಇನ್ನಾ ಕತ್ತೆತ್ತಿಲ್ಲ!" ಎನ್ನುತ್ತಾಳೆ. ಗೋಡೆ ಒಣಗುವ ತನಕ ಬಾಗಿಲಿಗೂ ಕಿಟಕಿಗೂ ಓಡಾಡಿ, ಅದು ಒಂದು ಕಡೆಯಿಂದ ನೀಲಿ, ಇನ್ನೊಂದು ಕಡೆಯಿಂದ ಹಸಿರು ಕಂಡರೆ ಚಪ್ಪಾಳೆ ತಟ್ಟುತ್ತಾಳೆ. ಹೀಗಾಗಿ ಓಣಿಯ ಪಡಸಾಲೆ, ದೇವರ ಕೋಣೆಗಳೆಲ್ಲ ಮುಗಿದು ಈಗ ನನ್ನ ಬಚ್ಚಲೂ ನವಿಲಾಗಿದೆ. ಅವಳ ಮನೆಯೂ ಅಷ್ಟೆ, ಮಗ್ಗದ ಕೋಣೆಯೊಂದನ್ನು ಬಿಟ್ಟು. ಅದಕ್ಕೆ ಮಾತ್ರ ವರ್ಷವರ್ಷವೂ ಬಿಳಿ ಸುಣ್ಣ. "ಇದೊಂದು ಯಾಕ ಬಿಟ್ಟಿಯವ್ವಾ?" ಎಂದು ಮೊನ್ನೆ ಆ ಕೋಣೆಯಲ್ಲೇ ನಿಂತು ಕೇಳಿಯೇಬಿಟ್ಟೆ. "ಗ್ವಾಡಿಗೆ ಬಣ್ಣ ಇದ್ರ ಅದರ ನೆರಳು ನೂಲಿನ ಮ್ಯಾಲ ಬೀಳ್ತೈತ್ರಿ, ನೂಲಿನ ಖರೇ ಬಣ್ಣ ಕಾಣಂಗಿಲ್ಲ," ಎನ್ನುತ್ತ ಮಗ್ಗದ ಮೇಲೆ ಹೊದಿಸಿದ್ದ ಬಟ್ಟೆ ಸರಿಸಿದಳು. ಹೋದ ವರ್ಷ ತೀರಿಕೊಂಡ ಗಂಡ ಶ್ರೀರಾಮುಲು ಅರ್ಧಕ್ಕೇ ಬಿಟ್ಟುಹೋದ ನವಿಲುಬಣ್ಣದ ಸೀರೆ ಅಲ್ಲಿತ್ತು; ಈಗ ಅರ್ಧ ದಾಟಿ ಬೆಳೆದಿತ್ತು. "ಉಳಿದದ್ದು ನಾನೇ ನೇಯಾಕತ್ತೀನ್ರಿ! ಅವ್ರ ಕೈ ಎಲ್ಲಿ ನಿಂತೈತಿ, ನಂದು ಎಲ್ಲಿ ಸುರು ಆಗೈತಿ, ಹೇಳ್ರಿ ನೋಡೂಣು?" ನಾನು ಬಗ್ಗಿ ಬಹಳ ಹೊತ್ತು ಹುಡುಕಿದೆ, ಸಿಗಲಿಲ್ಲ. ಶಂಕರಮ್ಮ ಚಪ್ಪಾಳೆ ತಟ್ಟಿದಳು.