ಬಾಕಿ ಉಳಿದ ತಂಬಿಟ್ಟಿನ ಆರತಿ

ಮಗಳು ಫೋನಿನಲ್ಲಿ ಒಂದು ಮಸುಕು ಫೋಟೊ ತೋರಿಸಿದಳು. ಹಸಿರು ಸೀರೆಯ ಹೆಂಗಸು. ನಾವು ಹಿಂದೆ ಟೀವಿಯಲ್ಲಿ ನೋಡುತ್ತಿದ್ದ ಧಾರಾವಾಹಿಯಲ್ಲಿ, ಬಸ್ ನಿಲ್ದಾಣದಲ್ಲಿ ಮಗು ಕಳೆದುಕೊಂಡು ನಿಂತ ತಾಯಿ. ಹಳೆಯ ಆ ಧಾರಾವಾಹಿಯನ್ನು ಈಗಿನ ಆ್ಯಪ್‌ಗಳಲ್ಲಿ ಹಾಕಿಸಬೇಕೆಂದು ಅಭಿಮಾನಿಗಳು ಗುಂಪು ಕಟ್ಟಿಕೊಂಡು ಚಾನೆಲ್‌ನವರಿಗೆ ಬರೆಯುತ್ತಿದ್ದರು. ನನ್ನನ್ನೂ ಸೇರಿಸು ಎಂದೆ. ನನ್ನ ಕಣ್ಣ ಮುಂದೆ ಬಿಳಿಕೆರೆಯ ನಮ್ಮ ಎದುರು ಮನೆಯ ಅಕ್ಕ ಬಂದು ನಿಂತಿದ್ದರು…

ಆಗ ನಮ್ಮ ಬೀದಿಗೆಲ್ಲ ಅವರ ಮನೆಯಲ್ಲೊಂದೇ ಟೀವಿ. ಸಂಜೆ ದೀಪ ಹಚ್ಚಿ ಅಲ್ಲಿಗೆ ಹೋಗಿ ಕೂರುತ್ತಿದ್ದೆವು. ಬರಬರುತ್ತ ಆ ತಾಯಿಯ ಸಂಕಟ ನೋಡಲಾರದೆ ಅಕ್ಕ ಮಾರಮ್ಮನ ಗುಡಿಯಲ್ಲಿ ಹರಕೆ ಹೊತ್ತುಬಿಟ್ಟರು. ಮಗು ಸಿಕ್ಕಿದರೆ ತಂಬಿಟ್ಟಿನ ಆರತಿ. ನಾವ್ಯಾರೂ ನಗಲಿಲ್ಲ. ನಕ್ಕವರು ಅವರ ಯಜಮಾನರು.

"ನಾಟ್ಕದೋಳಿಗೆ ಅರಕೆ ಹೊತ್ತವ್ಳೆ! ನನ್ ಮಂಡಿ ನೋವ್ಗೆ ಒಂದ್ ಕಾಯಿ ಒಡೀಲಿಲ್ಲ ಕಣ್ರಪ್ಪ."

"ನಿಮ್ಗೆ ಮಾತ್ರೆ ಅದೆ. ಆ ಮಗೀಗೆ ಯಾರವ್ರೆ?" ಎಂದರು ಅಕ್ಕ.

ಕೊನೆಯ ಕಂತಿನ ದಿನ, ತಾಯಿ ಅನಾಥಾಲಯದ ಬಾಗಿಲು ತಟ್ಟುವ ಹೊತ್ತಿಗೆ ಕರೆಂಟ್ ಹೋಯಿತು. ಮುಗಿಯುವವರೆಗೂ ಬರಲಿಲ್ಲ. ಮಗು ಸಿಕ್ಕಿತು ಎಂದಳು ಪಿರಿಯಾಪಟ್ಟಣದ ಅವರ ನಾದಿನಿ. ಹ್ಯಾಂಡ್‌ಪೋಸ್ಟ್ ಊರಿನಲ್ಲಿದ್ದ ಅವರ ತಂಗಿ, ಅದು ತಾಯಿ ಕಂಡ ಕನಸಷ್ಟೇ ಎಂದಳು. ಅಕ್ಕನಿಗೆ ದಿಕ್ಕು ತೋಚದಂತಾಯಿತು.

"ಸಿಕ್ಕಿದ್ರೆ ಮಾರಮ್ಮಂಗೆ ಆರತಿ ಬಾಕಿ ಅದೆ ಕಣವ್ವ. ಸಿಕ್ದೆ ಮಾಡುದ್ರೆ ಸುಳ್ಳು ಆರತಿ ಎತ್ತಿದಂಗೆ. ಏನ್ ಮಾಡ್ಲಿ?"

ವರ್ಷಗಟ್ಟಲೆ ಇದೇ ಮಾತು. ಮಂಗಳಾರತಿ ತೆಗೆದುಕೊಳ್ಳುವಾಗಲೂ ಅವರು ಅಮ್ಮನ ಮುಖ ನೋಡುತ್ತಿರಲಿಲ್ಲ. ಕೊನೆಗೆ ಹಾಸಿಗೆ ಹಿಡಿದಾಗ, ಗಂಜಿ ಕುಡಿಸಲು ಹೋದರೆ, "ಗೊತ್ತಾಯ್ತಾ?" ಎಂದರು. ಇಲ್ಲ ಕಣಕ್ಕ, ಎಂದೆ… ನರಳದೆ ಹೋದರು, ಅದೊಂದು ದೇವರ ದಯೆ.

ಈಗ ಆ ಅಭಿಮಾನಿಗಳ ಗುಂಪಿನಲ್ಲಿ ಕೇಳಿದೆ. ಅಲ್ಲೂ ಅರ್ಧ ಜನ ಸಿಕ್ಕಿತು ಎಂದರು, ಅರ್ಧ ಜನ ಕನಸು ಎಂದರು. ಆ್ಯಪ್‌ನಲ್ಲಿ ಬಂದರೆ ತಾನೇ ತಿಳಿಯುತ್ತದೆ ಎಂದು ಪಾತ್ರೆ ತೊಳೆದ ಕೈ ಒರೆಸಿಕೊಂಡು ಚಾನೆಲ್‌ನವರಿಗೆ ದಿನಾ ಬರೆದೆ. ಮೊನ್ನೆ ಉತ್ತರ ಬಂತು. ಆ ಟೇಪುಗಳ ಮೇಲೆ ಎಂದೋ ಬೇರೆ ಕಾರ್ಯಕ್ರಮ ತುಂಬಿದ್ದಾರಂತೆ. ಇನ್ನು ಸಿಗುವುದಿಲ್ಲ. ಗುಂಪಿನಿಂದ ಒಬ್ಬೊಬ್ಬರೇ ಎದ್ದು ಹೋದರು. ನನಗೂ ಸಾಕಾಗಿತ್ತು.

ಈ ಶುಕ್ರವಾರ ಅಕ್ಕಿ ಹುರಿದು, ಬೆಲ್ಲ ಕಲಸಿ ತಂಬಿಟ್ಟು ಮಾಡಿದೆ. ಅದರಲ್ಲಿ ದೀಪವಿಟ್ಟು ಅದೇ ಮಾರಮ್ಮನ ಗುಡಿಗೆ ಒಯ್ದೆ.

"ಏನವ್ವ ಅರಕೆ?" ಎಂದರು ಪೂಜಾರಪ್ಪ.

"ಕಳ್ದೋಗಿದ್ದ ಮಗು ಸಿಕ್ತು ಸ್ವಾಮಿ."

"ಒಳ್ಳೇದಾಯ್ತು ಬುಡವ್ವ. ಎಲ್ಲಿ, ಅರಕೆ ಹೊತ್ತೋರು ಮೊದ್ಲು ಕೈಯೊಡ್ಡಲಿ" ಎಂದು ಅವರು ಪ್ರಸಾದ ಹಿಡಿದು ನಿಂತರು.

ನಾನೇ ಸೆರಗೊಡ್ಡಿದೆ.