ಎಲ್ಲರ ಹೆಸರಿಗೂ ‘ಉಂಟು’ ಎನ್ನುತ್ತಿದ್ದ ಬೆಳ್ಯಪ್ಪ

ಬೆಳ್ಯಪ್ಪ ಹೋದನಂತೆ...
ಹೌದಾ? ನಿಜವಾ?
ಟಪ್ಪಾಲಿನವನನ್ನು ಎರಡೆರಡು ಸಲ ಕೇಳಿದೆ.
"ಹೌದು ಕಂಪೌಂಡ್ರೇ, ನಿನ್ನೆ ಸಂಜೆ... ನೆಲ್ಯಹುದಿಕೇರಿಯಲ್ಲಿ, ತಂಗಿ ಮನೆಯಲ್ಲೇ" ಎಂದ.
ಎಸ್ಟೇಟಿನ ದವಾಖಾನೆಯಲ್ಲಿ ಔಷಧದ ಮಿಕ್ಸ್ಚರ್ ಬಾಟಲಿ ಕೈಯಲ್ಲಿ ಹಿಡಿದು ಹಾಗೇ ನಿಂತುಬಿಟ್ಟೆ.

ಬಳಗದವರೇ,
ಪಾಲಿಬೆಟ್ಟದಿಂದ ನಾಪೋಕ್ಲುವರೆಗೆ ನಮ್ಮ ಈ ಸುತ್ತುಚೀಟಿ ಎಸ್ಟೇಟಿನಿಂದ ಎಸ್ಟೇಟಿಗೆ ಟಪ್ಪಾಲಿನ ಚೀಲದಲ್ಲಿ ಓಡಾಡುತ್ತದಲ್ಲ... ಯಾವಾಗಲೂ ಯಾರ ಮದುವೆ, ಯಾರ ಜಗಳ ಎಂದೇ ಬರೆಯುವುದು.
ಇವತ್ತು ಇದು.
ಓದಿದವರು ಮುಂದಕ್ಕೆ ಕಳಿಸಿ.

ಬೆಳ್ಯಪ್ಪನನ್ನು ನಿಮ್ಮಲ್ಲಿ ಹಲವರು ನೋಡಿದ್ದೀರಿ. ನಮ್ಮ ಕಾಫಿ ಕಣದಲ್ಲಿ ಕೋಲು ಹಿಡಿದು ಕೋಳಿ ಓಡಿಸುತ್ತಿದ್ದವನು.
ಮೈತುಂಬ ಗಂಟು... ಕತ್ತಿನಲ್ಲಿ, ತೋಳಿನಲ್ಲಿ, ಒಂದು ರೆಪ್ಪೆಯ ಮೇಲೂ. ನಡುನಡುವೆ ಹಾಲು ಹೆಚ್ಚಾದ ಕಾಫಿಯ ಬಣ್ಣದ ಮಚ್ಚೆ.
ವಯಸ್ಸು ನಲವತ್ತು ದಾಟಿತ್ತು. ಎಣಿಸಲು ಬಾರದು, ಅಂಗಿಯ ಗುಂಡಿ ಹಾಕಲು ಬಾರದು, ಬೆಳಿಗ್ಗೆ ಹೇಳಿದ್ದು ಮಧ್ಯಾಹ್ನಕ್ಕೆ ನೆನಪಿಲ್ಲ.
ಪ್ರಶ್ನೆ ಮಾತ್ರ ಮುಗಿಯುತ್ತಿರಲಿಲ್ಲ.

"ಕಂಪೌಂಡ್ರೇ, ಇದು ಒಳಗಿಂದ ಬಂದದ್ದಾ, ಹೊರಗಿಂದ ಬಂದದ್ದಾ?"
ಗಂಟು ತೋರಿಸಿ ದಿನಾ ಇದೇ.
ನನಗೇನು ಗೊತ್ತು? ಮುಟ್ಟಿ ಮುಟ್ಟಿ ನೋಡುತ್ತಿದ್ದೆ... ಕೆಲವು ಮೆತ್ತಗೆ, ಒತ್ತಿದರೆ ಒಳಕ್ಕೆ ಹೋಗುವಂಥವು. ಕೆಲವು ಚರ್ಮದಡಿ ದಾರಕ್ಕೆ ಪೋಣಿಸಿದ ಹಾಗೆ. ನೋವಿಲ್ಲ, ಕೀವಿಲ್ಲ.
ಎಂಥ ಕಾಯಿಲೆ ಮಾರಾಯ್ರೇ ಇದು?
ನನ್ನ ತಲೆಗೂ ಹುಳ ಬಿಟ್ಟ.

ಅವನ ಇನ್ನೊಂದು ಅಭ್ಯಾಸ. ಬೆಳಗಿನ ಹಾಜರಿ ಕರೆಯುವ ಮಸ್ಟರಿನಲ್ಲಿ, ಲೆಕ್ಕ ಬರೆಯುವ ರೈಟರ್ ಸುಬ್ರಾಯರು ಹೆಸರು ಕೂಗುವಾಗ ಯಾರಾದರೂ ಬಂದಿರದಿದ್ದರೆ ಬೆಳ್ಯಪ್ಪನೇ "ಉಂಟು!" ಎಂದುಬಿಡುವುದು. ಜ್ವರ ಬಂದು ಕೂಲಿಗಳ ಲೈನ್ ಮನೆಯಲ್ಲಿ ಮಲಗಿದವರಿಗೂ ಹಾಜರಿ!
ಸುಬ್ರಾಯರು ತಲೆ ಚಚ್ಚಿಕೊಳ್ಳುವರು.
"ಎಲ್ಲಿದ್ದಾನೋ ಅವ, ತೋರಿಸು ನೋಡುವಾ?"
"ಮನೇಲಿ ಉಂಟಲ್ಲಾ!"
ಹೆಸರು ಕರೆದರೆ ಯಾರೂ ಓಗೊಡದಿರುವುದು ಅವನಿಗೆ ಸಹಿಸಲಾಗುತ್ತಿರಲಿಲ್ಲ.

ಒಂದು ವರ್ಷ ಕಾಫಿ ಪಿಕ್ಕಿಂಗ್ ಶುರುವಾಗುತ್ತಲೇ ಕುಪ್ಪಮ್ಮ ಗಲಾಟೆ ಎಬ್ಬಿಸಿದಳು. ಕಣದ ಹೆಂಗಸರಿಗೆಲ್ಲ ಅವಳೇ ಮುಂದಾಳು.
"ಕುಷ್ಠ ಸಾಮಿ ಇದು! ಮಕ್ಕಳೊಂದಿಗರು ನಾವು. ಇವನು ತುಳಿದ ಕಣದಲ್ಲಿ ಕಾಲಿಡೋದಿಲ್ಲ."
ಎಸ್ಟೇಟಿನ ದೊರೆ ಹೇಳಿಬಿಟ್ಟ... ಡಾಕ್ಟರ್ ಬಂದು ನೋಡಲಿ, ಅಂಟುರೋಗವಾದರೆ ಹೆಸರು ತೆಗೆಯಿರಿ.
ಹೆಸರು ತೆಗೆದರೆ ಅವನಿಗೆ ಮಸ್ಟರಿಲ್ಲ, ಕಣವಿಲ್ಲ, ಕೋಳಿಯಿಲ್ಲ. ಮತ್ತೇನು ಉಳಿಯಿತು?

ಮಡಿಕೇರಿಯಿಂದ ಡಾಕ್ಟರ್ ಬಂದರು. ಮಚ್ಚೆಗೆ ಮೆಲ್ಲಗೆ ಸೂಜಿ ತಾಗಿಸಿದರು.
"ಅಯ್ಯಯ್ಯೋ!" ಎಂದು ಬೆಳ್ಯಪ್ಪ ಹಾರಿಬಿದ್ದ.
ಡಾಕ್ಟರ್ ನಕ್ಕರು. "ಕುಷ್ಠದ ಮಚ್ಚೆಗೆ ನೋವು ಗೊತ್ತಾಗುವುದಿಲ್ಲ. ಇದು ಕುಷ್ಠವಲ್ಲ, ಅಂಟುವುದೂ ಇಲ್ಲ. ರಕ್ತದಲ್ಲಿ ಬರುವುದು. ಬುದ್ಧಿ ನಿಧಾನವಾದದ್ದೂ ಇದರಿಂದಲೇ ಇರಬಹುದು. ತಾಯಿಗಿತ್ತಾ?"
ತಾಯಿಗಿತ್ತು. ತಂಗಿ ಪೊನ್ನಮ್ಮನ ತೋಳಿನಲ್ಲೂ ಎರಡು ಮೂರು ಗಂಟು, ಸೆರಗಿನಲ್ಲಿ ಮುಚ್ಚಿಡುತ್ತಿದ್ದಳು.

ಈಗ ಬಂತು ನೋಡಿ ಪೇಚು...
ಅಂಟುವುದಿಲ್ಲ ಎಂದರೆ, ಮತ್ತೆ ಹೇಗೆ ಬಂತು ಎಂದು ಜನ ಕೇಳೇ ಕೇಳುತ್ತಾರೆ. ಪೊನ್ನಮ್ಮನ ಮಗಳು ದೇವಕಿಯ ಬೆನ್ನಿನಲ್ಲೂ ಅದೇ ಮಚ್ಚೆ. ಅವಳಿಗೆ ಸಂಬಂಧ ನೋಡುತ್ತಿದ್ದರು. ರಕ್ತದ ಮಾತು ಹೊರಬಿದ್ದರೆ ಮುಗಿಯಿತು.
ಅಣ್ಣನ ಜೊತೆಗೆಂದು ಬಂದಿದ್ದ ಪೊನ್ನಮ್ಮ ಸೆರಗು ಸರಿಸಿ ತನ್ನ ತೋಳಿನ ಗಂಟು ಸವರಿದಳು.
"ಹೇಳಿಬಿಡಿ ಕಂಪೌಂಡ್ರೇ. ಮದುವೆ ಆಗುವಾಗ ಆಗ್ತದೆ. ಹೆಸರು ಕರೆಯದಿದ್ರೆ ನಮ್ಮಣ್ಣ ಅನ್ನ ಮುಟ್ಟುವವ ಅಲ್ಲ."
ಮಾರನೇ ಬೆಳಿಗ್ಗೆ ಮಸ್ಟರಿನಲ್ಲಿ ಡಾಕ್ಟರ್ ಹೇಳಿದ್ದೆಲ್ಲ ಎಲ್ಲರ ಮುಂದೆ ಹೇಳಿದೆ.

ಬೆಳ್ಯಪ್ಪಣ್ಣ...
ಆಗ ನೀನು ಏನು ಮಾಡಿದೆ, ನೆನಪುಂಟಾ?
ನೇರ ಕುಪ್ಪಮ್ಮನ ಮುಂದೆ ಹೋಗಿ ತೋಳು ಚಾಚಿದೆ.
"ಇದು ಒಳಗಿಂದ ಬಂದದ್ದು. ಅಮ್ಮ ಕೊಟ್ಟದ್ದು. ನೀನು ಕೇಳಿದ್ರೂ ನಿಂಗೆ ಕೊಡ್ಲಿಕ್ಕೆ ಆಗುದಿಲ್ಲ!"
ಕುಪ್ಪಮ್ಮನಿಗೇ ನಗು ತಡೆಯಲಾಗಲಿಲ್ಲ. "ಬೇಡಪ್ಪಾ, ನೀನೇ ಇಟ್ಕೋ" ಎಂದಳು.
ನಿನ್ನ ಹೆಸರು ಉಳಿಯಿತು. ಅವಳು ಮಾತ್ರ ಕಣದ ಆ ತುದಿಯಲ್ಲೇ ಕೆಲಸ ಮಾಡಿದಳು, ಈ ಕಡೆ ಒಂದು ದಿನವೂ ಬರಲಿಲ್ಲ.
ದೇವಕಿಯ ಸಂಬಂಧ ಮುರಿಯಿತು. ನಿನಗೆ ಯಾರೂ ಹೇಳಲಿಲ್ಲ. ಆದರೆ ಆ ವಾರವೆಲ್ಲ ನೀನು, ಲೈನಿಗೆ ಬಂದು ಉಳಿದಿದ್ದ ಅವಳ ಹಿಂದೆಯೇ ತಿರುಗುತ್ತಿದ್ದೆಯಂತೆ...
ನಿನಗೆ ಎಷ್ಟು ತಿಳಿಯುತ್ತಿತ್ತು ಮಾರಾಯಾ?
ಒಬ್ಬೊಬ್ಬರಿಗೆ ಮೈತುಂಬ ಗಂಟು, ಒಬ್ಬೊಬ್ಬರಿಗೆ ಎರಡೇ... ಅದ್ಯಾಕೆ?
ಈಗ ನಾನು ಯಾರನ್ನು ಕೇಳಲಿ?

ಈ ಮಳೆಗಾಲದಲ್ಲಿ ನಿನ್ನ ತೊಡೆಯ ಗಂಟೊಂದು ಗಟ್ಟಿಯಾಯಿತು, ನೋವೂ ಶುರುವಾಯಿತು. ಕೊಯ್ದರೂ ಉಳಿಯುವುದಿಲ್ಲ ಎಂದರು ಡಾಕ್ಟರ್. ಪೊನ್ನಮ್ಮ ಗಾಡಿ ಕಟ್ಟಿಸಿ ತನ್ನ ಮನೆಗೆ ಕರೆದುಕೊಂಡು ಹೋದಳು. ಗಾಡಿ ಹೊರಟ ಮೇಲೂ ನೀನು ಕೂಗಿ ಕೇಳಿದ್ದು ಒಂದೇ.
"ನನ್ನ ಹೆಸರು ಕರೀತಾರಾ?"
"ಕರೀತಾರೆ" ಎಂದೆ.
ಸುಬ್ರಾಯರು ದಿನಾ ಕರೆದರು ಕಣಣ್ಣಾ. ಕರೆದು, ತಾವೇ ‘ರಜೆ’ ಎಂದುಕೊಳ್ಳುತ್ತಿದ್ದರು.

ಇವತ್ತು ಸುದ್ದಿ ಬಂದ ಮೇಲೆಯೇ ಮಸ್ಟರ್ ಆದದ್ದು. ಸುಬ್ರಾಯರು ಒಂದೊಂದೇ ಹೆಸರು ಕೂಗುತ್ತಾ ಬಂದು, ಅಭ್ಯಾಸಬಲದಿಂದ "ಬೆಳ್ಯಪ್ಪ..." ಎಂದುಬಿಟ್ಟರು.
ನಾವೆಲ್ಲ ನೆಲ ನೋಡಿದೆವು.
ಹಿಂದಿನ ಸಾಲಿನಿಂದ ಕುಪ್ಪಮ್ಮನ ದನಿ ಬಂತು.
"ಉಂಟು ಸಾಮಿ."
ಸುಬ್ರಾಯರು ತಲೆ ಚಚ್ಚಿಕೊಳ್ಳಲಿಲ್ಲ. ಮುಂದಿನ ಹೆಸರು ಕರೆದರು.

ಹೋಗಿ ಬಾ ಬೆಳ್ಯಪ್ಪಣ್ಣ...
ಅಮ್ಮ ಇರುವ ಕಡೆ ನಿನ್ನ ಜೀವ ತಣ್ಣಗಿರಲಿ.